ಮದ್ದು, ವಿಷ ಮತ್ತು ಪ್ರತಿಮದ್ದು



ನಮ್ಮ ಕಡೆ ‘ಮದ್ದು’ ಎಂಬ ಮಾತಿಗೆ ಎರಡು ಅರ್ಥ. ಜ್ವರಕ್ಕೆ ಕುಡಿಯುವುದೂ ಮದ್ದು, ಗಿಡಕ್ಕೆ ಬಿಡುವುದೂ ಮದ್ದು. ಇವು ಶರೀರದೊಳಗೆ ಏನು ಮಾಡುತ್ತವೆಂದು ತಿಳಿದಿದ್ದರೆ ಆಪತ್ತಿನಲ್ಲಿ ಒಂದು ಜೀವ ಉಳಿಯಬಹುದು.

ನಾವು ಉಂಡ ಅನ್ನ ಜೀರ್ಣವಾಗುವುದರಿಂದ ಹಿಡಿದು ದೇಹದ ಅಸಂಖ್ಯ ಕೆಲಸಗಳನ್ನು ನಡೆಸುವವು ಕಿಣ್ವಗಳು. ಅಂಗಳದಲ್ಲಿ ಅಡಿಕೆ ಸುಲಿಯುವವರನ್ನು ನೆನೆದುಕೊಳ್ಳಿ. ಮುಂದೆ ನಾಲ್ಕೇ ಅಡಿಕೆ ಇದ್ದರೆ ಹುಡುಕಿ ಹೆಕ್ಕುವುದರಲ್ಲೇ ಹೊತ್ತು ಹೋಗುತ್ತದೆ. ರಾಶಿ ಹೆಚ್ಚಿದಂತೆ ಕೆಲಸದ ವೇಗವೂ ಹೆಚ್ಚುತ್ತದೆ. ಆದರೆ ಒಂದು ಮಿತಿಯ ನಂತರ ಎಷ್ಟು ಸುರಿದರೂ ವೇಗ ಏರದು. ಇರುವ ಕತ್ತಿಗಳೇ ಅಷ್ಟು. ಕಿಣ್ವಗಳ ನಿಯಮವೂ ಇದೇ. ಆದುದರಿಂದಲೇ ವೈದ್ಯರು ಹೇಳಿದುದಕ್ಕಿಂತ ಹೆಚ್ಚು ಮಾತ್ರೆ ನುಂಗಬಾರದು. ಮಾತ್ರೆಯನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳಿಗೂ ಮಿತಿಯಿದೆ.

ಕತ್ತಿ ಕೆಟ್ಟರೆ

ನರವು ಸ್ನಾಯುವಿಗೆ ಆಜ್ಞೆ ಕೊಡುವುದು ಅಸೆಟೈಲ್‌ಕೋಲಿನ್ ಎಂಬ ರಸದ ಮೂಲಕ. ಆಜ್ಞೆ ಮುಟ್ಟಿದೊಡನೆ ಆ ರಸವನ್ನು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವು ಒಡೆದುಹಾಕುತ್ತದೆ. ಇದರ ಒಂದೊಂದು ಕಣವೂ ಸೆಕೆಂಡಿಗೆ ಸಾವಿರಾರು ಕಣಗಳನ್ನು ಒಡೆಯಬಲ್ಲದು. ಕ್ವಿನಾಲ್‌ಫಾಸ್, ಕ್ಲೋರ್‌ಪೈರಿಫಾಸ್, ಕೇರಳ ಸರಕಾರ 2011ರಲ್ಲಿ ನಿಷೇಧಿಸಿದ ಮೊನೊಕ್ರೊಟೊಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ವಿಷಗಳು ಈ ಕತ್ತಿಗೇ ಅಂಟಿಕೊಳ್ಳುತ್ತವೆ. ಆಗ ರಸವು ತುಂಬಿ ತುಳುಕುತ್ತದೆ. ಜೊಲ್ಲು, ಬೆವರು, ವಾಂತಿ, ಭೇದಿ, ಸಣ್ಣದಾದ ಕಣ್ಣಪಾಪೆ, ಸ್ನಾಯುಗಳ ಅದುರುವಿಕೆ, ಕೊನೆಗೆ ಉಸಿರಾಟಕ್ಕೆ ತೊಂದರೆ, ಇವೇ ಅದರ ಲಕ್ಷಣಗಳು.

ವಿಷವು ಬಾಯಿಯಿಂದ ಮಾತ್ರವಲ್ಲ, ಒದ್ದೆಯಾದ ಅಂಗಿಯ ಮೂಲಕ ಚರ್ಮದಿಂದಲೂ ಒಳಹೋಗುತ್ತದೆ. ರಕ್ತಕಣಗಳಲ್ಲಿ ಕೆಟ್ಟ ಕಿಣ್ವ ಪೂರ್ತಿ ಸರಿಯಾಗಲು ಹೊಸ ರಕ್ತಕಣಗಳೇ ಹುಟ್ಟಬೇಕು. ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಾಗಾಗಿ ದಿನದಿನವೂ ಸ್ವಲ್ಪಸ್ವಲ್ಪವೇ ತಗಲಿದರೂ ಹಾನಿ ಕೂಡುತ್ತಾ ಹೋಗುತ್ತದೆ.

ಪ್ರತಿಮದ್ದು

ಆಸ್ಪತ್ರೆಯಲ್ಲಿ ಮೊದಲು ಕೊಡುವುದು ಅಟ್ರೋಪಿನ್. ಅದು ತುಂಬಿದ ರಸಕ್ಕೆ ಪೈಪೋಟಿ ಕೊಟ್ಟು, ರಸವು ಕೂರುವ ಜಾಗಗಳಲ್ಲಿ ತಾನು ಕೂರುತ್ತದೆ. ರಸ ಹೆಚ್ಚಿದ್ದಷ್ಟೂ ಅಟ್ರೋಪಿನ್ ಹೆಚ್ಚು ಬೇಕು. ಆದರೆ ಅದು ಕಿಣ್ವವನ್ನು ಬಿಡಿಸುವುದಿಲ್ಲ. ಆ ಕೆಲಸಕ್ಕೆ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದಿದೆ. ಅದೂ ಎಲ್ಲ ಸಂದರ್ಭದಲ್ಲಿ ಫಲಿಸದು. ತಡವಾದರೆ ವಿಷದ ಹಿಡಿತ ಬಿಗಿಯಾಗಿ ಬಿಡಿಸಲಾರದಂತಾಗುತ್ತದೆ. ಕೆಲವು ವಿಷಗಳಲ್ಲಿ ಇದಕ್ಕೆ ಕೆಲವೇ ಗಂಟೆ ಸಾಕು.

ಎಲ್ಲ ವಿಷಕ್ಕೂ ಇದೇ ಮದ್ದಲ್ಲ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ, 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಎಂಡೋಸಲ್ಫಾನ್ ಬೇರೆ ಜಾತಿಯದು. ಅದು ಮೆದುಳಿನ ನರಗಳನ್ನು ಕೆರಳಿಸಿ ಸೆಳೆತ ತರುತ್ತದೆ. ಅದಕ್ಕೆ ಅಟ್ರೋಪಿನ್ ಪ್ರತಿಮದ್ದಲ್ಲ. ಆದುದರಿಂದ ರೋಗಿಯ ಜೊತೆ ಮದ್ದಿನ ಬಾಟಲಿಯನ್ನೋ ಅದರ ಲೇಬಲನ್ನೋ ತಪ್ಪದೆ ಆಸ್ಪತ್ರೆಗೆ ಒಯ್ಯಬೇಕು.

ನೆನಪಿಡಿ

1. ವಿಷ ತಗಲಿದವರನ್ನು ತೋಟದಿಂದ ದೂರ ಒಯ್ದು, ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೆಯಿರಿ. ತೊಳೆಯುವವರು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಲಿ.

2. ವಾಂತಿ ಮಾಡಿಸಬೇಡಿ. ಹಾಲು, ಎಣ್ಣೆ, ಮಜ್ಜಿಗೆ ಕುಡಿಸಬೇಡಿ. ಪ್ರಜ್ಞೆ ತಪ್ಪಿದವರನ್ನು ಎಡಮಗ್ಗುಲಾಗಿ ಮಲಗಿಸಿ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

3. ಮದ್ದು ಬಿಡುವಾಗ ಉದ್ದ ತೋಳಿನ ಅಂಗಿ, ಗ್ಲೌಸ್, ಮುಖಕವಚ ಇರಲಿ. ಗಾಳಿಗೆ ಎದುರಾಗಿ ಬಿಡಬೇಡಿ. ನಡುವೆ ಬೀಡಿ, ಎಲೆಯಡಿಕೆ ಬೇಡ.

4. ವಿಷವನ್ನು ಪಾನೀಯದ ಬಾಟಲಿಗೆ ಸುರಿದಿಡಬೇಡಿ. ಬೀಗ ಹಾಕಿ ಇಡಿ. ಮನೆಯಲ್ಲಿ ಸಾಲದಿಂದಲೋ ದುಃಖದಿಂದಲೋ ಮನಸ್ಸು ಕುಗ್ಗಿದವರಿದ್ದರೆ ಮನೆಯಲ್ಲಿ ವಿಷ ಇಡಲೇಬೇಡಿ. ಅವರ ಜೊತೆ ಕುಳಿತು ಮಾತನಾಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಬೆಳೆ ಒಂದು ವರ್ಷ ಹೋದರೆ ಮರುವರ್ಷ ಬರಬಹುದು. ದೇವರು ನಮ್ಮ ಕೈಗೆ ಒಪ್ಪಿಸಿದ ಜೀವ ಹಾಗಲ್ಲ. ಈ ಮಾತನ್ನು ನಿಮ್ಮ ತೋಟದಲ್ಲಿ ದುಡಿಯುವ ಆಳುಗಳಿಗೂ ತಿಳಿಸಿ. ಅವರ ಜೀವವೂ ನಮ್ಮ ಹೊಣೆಯೇ.

ಕ್ರಿಸ್ತನಲ್ಲಿ ನಿಮ್ಮವನೇ,
ಧರ್ಮಗುರು