ಚೀಟಿಯ ಮೇಲಿನ ನಂಬರು, ಬೆಂಗಳೂರಿಗೆ ಹೋಗುವ ದೂರು

ಎಂಬಿಬಿಎಸ್ ಓದಿದ ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿ, ಸರ್ಟಿಫಿಕೇಟು, ಹಣದ ರಸೀದಿ, ಎಲ್ಲದರ ಮೇಲೂ ನೋಂದಣಿ ಸಂಖ್ಯೆ ಇರಬೇಕೆಂಬುದು 2002ರ ನಿಯಮ. ಗದಗ-ಬೆಟಗೇರಿಯ ದವಾಖಾನೆಗಳಲ್ಲಿ ‘ಕೆಎಂಸಿ’ (ಕರ್ನಾಟಕ ವೈದ್ಯಕೀಯ ಪರಿಷತ್ತು) ಎಂದು ಶುರುವಾಗುವ ಆ ನಂಬರನ್ನು ಓದುವವರು ಕಡಿಮೆ. ಚಿಕಿತ್ಸೆ ಎಡವಟ್ಟಾಗಿ ದೂರು ಬರೆಯುವಾಗ ಮಾತ್ರ ಅದು ಬೇಕಾಗುತ್ತದೆ.

ವೈದ್ಯರ ಹೆಸರಿಗೊಂದು ರಿಜಿಸ್ಟರ್, ನಡತೆಗೆಟ್ಟರೆ ಹೆಸರು ಹೊಡೆದುಹಾಕಲು ವೈದ್ಯರದೇ ಮಂಡಳಿ: ಈ ಏರ್ಪಾಡು 1858ರ ಬ್ರಿಟಿಷ್ ಕಾಯ್ದೆಯದು. 1912ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಬಂತು. ಆಗ ಗದಗ, ಮುಂಡರಗಿ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದ್ದು. ನೆರೆಹೊರೆಯ ಊರುಗಳಾದರೂ ಪ್ರಾಂತ್ಯದ ಕಾಯ್ದೆ ಸಂಸ್ಥಾನದ ಗಡಿ ದಾಟುತ್ತಿರಲಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಸೇರಿದವು. 1961ರ ನೋಂದಣಿ ಕಾಯ್ದೆಯಿಂದ ನಾಲ್ಕೂ ಊರಿನ ದೂರಿಗೆ ಒಂದೇ ವಿಳಾಸವಾಯಿತು. ಅದೇ ಈ ಪರಿಷತ್ತು, ಇರುವುದು ಬೆಂಗಳೂರಿನಲ್ಲಿ.

ಅಲ್ಲಿ ನಡೆಯುವುದಿಷ್ಟು: ಪರಿಷತ್ತು ವೈದ್ಯರಿಂದ ವಿವರಣೆ ಕೇಳುತ್ತದೆ, ದೂರುದಾರರು, ವೈದ್ಯರು ಇಬ್ಬರನ್ನೂ ಕರೆಸಿ ವಿಚಾರಣೆ ಮಾಡುತ್ತದೆ. ಆರು ತಿಂಗಳೊಳಗೆ ತೀರ್ಮಾನವಾಗಬೇಕು ಎನ್ನುತ್ತದೆ ನಿಯಮ. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡಬಹುದು, ಹೆಸರನ್ನು ಕೆಲಕಾಲ ಅಥವಾ ಕಾಯಂ ತೆಗೆಯಬಹುದು. ಪರಿಹಾರ ಮಾತ್ರ ಒಂದು ರೂಪಾಯಿಯೂ ಇಲ್ಲ. ವೈದ್ಯರ ತಪ್ಪನ್ನು ವೈದ್ಯರೇ ಅಳೆಯಬೇಕೆಂಬ ವಾದ ನನಗೆ ಒಪ್ಪಿಗೆ. ಶಸ್ತ್ರಕ್ರಿಯೆಯ ಸೂಕ್ಷ್ಮ ಬೇರೆಯವರಿಗೇನು ಗೊತ್ತು? ಆದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಮೇಲ್ಮನವಿಯ ದಾರಿಯನ್ನು ವೈದ್ಯರಿಗಷ್ಟೇ ಬರೆದಿಟ್ಟು ರೋಗಿಯ ಹೆಸರನ್ನೇ ಎತ್ತಲಿಲ್ಲ. ಇದು ಯಾವ ನ್ಯಾಯ?

ದುಡ್ಡಿನ ಪರಿಹಾರ ಬೇಕಾದವರಿಗೆ ಗ್ರಾಹಕರ ವೇದಿಕೆಯ ದಾರಿಯನ್ನು 1995ರಲ್ಲಿ ಸುಪ್ರೀಂ ಕೋರ್ಟು ಗಟ್ಟಿಮಾಡಿತು. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಅದೇ ಗದ್ದಲದ ನಡುವೆ ಪಾಸಾದ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ತಿದ್ದುಪಡಿಯಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಬಂತು. ಖಾಸಗಿ ಆಸ್ಪತ್ರೆಯ ಬಿಲ್ಲು, ದರಪಟ್ಟಿಯ ತಕರಾರಿಗೆ ಮುಂಡರಗಿಯವರು ಈಗ ಗದಗಿನವರೆಗೆ ಹೋದರೆ ಸಾಕು.

ಡಾಕ್ಟರು ಬಿಎಎಂಎಸ್ ಆಗಿದ್ದರೆ ಕೆಎಂಸಿಗೆ ಬರೆದು ಉಪಯೋಗವಿಲ್ಲ. ಆಯುರ್ವೇದ, ಯುನಾನಿಯವರ ಮಂಡಳಿಯೇ ಬೇರೆ, ಹೋಮಿಯೋಪಥಿಯದ್ದೂ ಬೇರೆ. ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಕೇಸ್ ಶೀಟು. ಅರ್ಜಿ ಕೊಟ್ಟರೆ ಎಪ್ಪತ್ತೆರಡು ತಾಸಿನೊಳಗೆ ಅದರ ಪ್ರತಿ ಕೊಡಬೇಕು. ಅರ್ಜಿ ತಗೊಂಡಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ, ತಡಮಾಡಬೇಡಿ: ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಂಡರೆ 2002ರ ನಿಯಮದ ಮಟ್ಟಿಗೆ ವೈದ್ಯರ ಹೊಣೆ ಮುಗಿಯಿತು.