ಪಾಠದಲ್ಲಿ ತೃಪ್ತಿ, ಹುದ್ದೆಯಲ್ಲಿ ಅಭದ್ರತೆ: ಅಧ್ಯಾಪಕರು ಏಕೆ ತೊರೆಯುತ್ತಾರೆ?

ರಟ್ಟೀಹಳ್ಳಿ: ಕಳೆದ ವರ್ಷ ಪಾಠ ಮಾಡಿದ ಉಪನ್ಯಾಸಕರು ಈ ವರ್ಷವೂ ಇರುತ್ತಾರೆಯೇ? ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. 2018ರಲ್ಲಿ ಹಿರೇಕೆರೂರಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ರಟ್ಟೀಹಳ್ಳಿಯಂಥ ಊರುಗಳಲ್ಲಿ ಇದರ ತೀವ್ರತೆ ಹೆಚ್ಚು. ನಗರದಲ್ಲಿ ಪರ್ಯಾಯ ಕಾಲೇಜು ದೊರೆತೀತು, ಇಲ್ಲಿ ಹಾಗಲ್ಲ.

ಉದ್ಯೋಗ ತೃಪ್ತಿಗೆ ಎರಡು ಮುಖಗಳಿವೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪ್ರತಿಪಾದಿಸಿದರು. ಕೆಲಸದ ಸ್ವರೂಪ, ಸಾಧನೆ ಮತ್ತು ಮನ್ನಣೆ ತೃಪ್ತಿ ನೀಡುತ್ತವೆ. ವೇತನ, ಭದ್ರತೆ ಹಾಗೂ ಆಡಳಿತ ನೀತಿಯ ಕೊರತೆ ಅತೃಪ್ತಿಗೆ ಕಾರಣವಾಗುತ್ತದೆ. ಪಾಠವನ್ನು ಪ್ರೀತಿಸುವವರೇ ಹುದ್ದೆ ತೊರೆಯುವ ವೈರುಧ್ಯವನ್ನು ಈ ವಾದ ವಿವರಿಸುತ್ತದೆ.

ರಾಜ್ಯದ ಅತಿಥಿ ಉಪನ್ಯಾಸಕರ ಸ್ಥಿತಿ ಇದಕ್ಕೆ ನಿದರ್ಶನ. 2022ರ ಜನವರಿಯವರೆಗೆ ಅವರ ಮಾಸಿಕ ಗೌರವಧನ 11,000 ಅಥವಾ 13,000 ರೂಪಾಯಿ ಮಾತ್ರ. ಆಗ ಸರ್ಕಾರ ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗೆ ಏರಿಸಿತು. ಆದರೆ ವಾರದ 8–10 ಗಂಟೆಗಳ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿತು. ಇಬ್ಬರ ಕಾರ್ಯಭಾರ ಒಬ್ಬರಿಗೆ ಸೇರಿದಾಗ ಇನ್ನೊಬ್ಬರಿಗೆ ಸ್ಥಾನವಿಲ್ಲದಾಯಿತು.

ಸೇವೆ ಕಾಯಂಗೊಳಿಸುವಂತೆ ಆಗ್ರಹಿಸಿ 2023ರ ನವೆಂಬರ್‌ನಲ್ಲಿ ಮುಷ್ಕರ ಆರಂಭವಾಯಿತು. 2024ರ ಜನವರಿಯಲ್ಲಿ 5,000ದಿಂದ 8,000 ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ ಹಾಗೂ 60 ವರ್ಷ ತುಂಬಿದವರಿಗೆ ಗರಿಷ್ಠ 5 ಲಕ್ಷ ರೂಪಾಯಿ ಇಡಿಗಂಟು ಪ್ರಕಟವಾದವು. ಕಾಯಮಾತಿಯ ಬೇಡಿಕೆ ಮಾತ್ರ ಈಡೇರಲಿಲ್ಲ. ಇದೇ ಬೋಧನೆಗೆ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ.

ವಿಶ್ವವಿದ್ಯಾಲಯಗಳ ಮಟ್ಟದಲ್ಲಿಯೂ ಅನಿಶ್ಚಿತತೆ ತಪ್ಪಿಲ್ಲ. 2023ರಲ್ಲಿ ಆರಂಭವಾದ ಹಾವೇರಿ ವಿಶ್ವವಿದ್ಯಾಲಯವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರ 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟ ಉಪಸಮಿತಿಯ ಮುಂದೆ ಬಂದಿತು. ಸಂಸ್ಥೆಯ ಉಳಿವೇ ಚರ್ಚೆಯಾಗುವಾಗ ಅಧ್ಯಾಪಕರು ದೀರ್ಘಾವಧಿ ಸಂಶೋಧನೆಯನ್ನು ಯೋಜಿಸುವುದು ಸುಲಭವಲ್ಲ.

ಸಂಖ್ಯೆಗಳಲ್ಲಿ ಕಾಣದ ನಷ್ಟ ವಿದ್ಯಾರ್ಥಿಗಳದು. ಹಿಂದುಳಿದವರು ಯಾರು, ಇಂಗ್ಲಿಷ್‌ಗೆ ಅಂಜುವವರು ಯಾರು, ಸ್ನಾತಕೋತ್ತರ ಪದವಿಗೆ ಪ್ರೋತ್ಸಾಹಿಸಬೇಕಾದವರು ಯಾರು ಎಂಬುದನ್ನು ಅಧ್ಯಾಪಕರು ಅರಿಯಲು ಒಂದೆರಡು ವರ್ಷ ಬೇಕು. ಅವರು ಬದಲಾದಾಗ ಆ ಅರಿವೂ ಅವರೊಂದಿಗೆ ಹೋಗುತ್ತದೆ. ಹೊಸಬರು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಆದ್ದರಿಂದ ಗೌರವಧನ ಹೆಚ್ಚಳವೊಂದೇ ಪರಿಹಾರವಾಗದು. ಖಾಲಿ ಹುದ್ದೆಗಳ ನಿಯಮಿತ ನೇಮಕಾತಿ ನಡೆಯಬೇಕು. ಅಲ್ಲಿಯವರೆಗೆ, ಮುಂದಿನ ವರ್ಷ ಕೆಲಸವಿದೆಯೇ ಎಂಬುದು ತರಗತಿಗಳು ಆರಂಭವಾಗುವ ಮೊದಲೇ ಅಧ್ಯಾಪಕರಿಗೆ ತಿಳಿಯುವಂತಾಗಬೇಕು.