ರೀಲ್‌ನಿಂದ ನೋಟ್ಟುಸ್ವರಕ್ಕೆ: ಪಿಟೀಲಿನೊಡನೆ ಬಂದ ಒಂದು ಸ್ಕಾಟಿಷ್ ಧಾಟಿ

ಸಂಗೀತ ಸಂಸ್ಕೃತಿಗಳ ನಡುವಿನ ಕೊಡುಕೊಳೆಯಲ್ಲಿ ವಾದ್ಯವೂ ಅದು ನುಡಿಸುವ ಧಾಟಿಯೂ ಒಟ್ಟಿಗೇ ಪಯಣಿಸುತ್ತವೆಯಾದರೂ ಹೊಸ ನೆಲದಲ್ಲಿ ಅವೆರಡಕ್ಕೂ ಒಂದೇ ಗತಿ ಒದಗುವುದಿಲ್ಲ. ಸ್ಕಾಟ್‌ಲೆಂಡಿನ 'ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್' ಎಂಬ ಧಾಟಿಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ರೀಲ್ ಎಂಬುದು ಮೂಲತಃ ಕುಣಿತದ ಸಂಗೀತ. ಸಮಗತಿಯ ಚತುರಶ್ರ ನಡೆ, ಎಂಟೆಂಟು ಆವರ್ತಗಳ ಎರಡು ಖಂಡಗಳು, ಪ್ರತಿ ಖಂಡದ ಪುನರಾವೃತ್ತಿ—ಇವು ಅದರ ಸಾಮಾನ್ಯ ಲಕ್ಷಣಗಳು. ಹದಿನೆಂಟನೆಯ ಶತಮಾನದಲ್ಲಿ ನೀಲ್ ಗೌ (1727–1807) ಮೊದಲಾದ ಪಿಟೀಲುಗಾರರಿಂದ ಈ ಪ್ರಕಾರ ಪ್ರಸಿದ್ಧಿ ಪಡೆಯಿತು. ಪ್ರಸ್ತುತ ರೀಲನ್ನು ಮ್ಯಾಕ್‌ಡೊನಾಲ್ಡ್ ಮನೆತನದ ಸರ್ ಅಲೆಕ್ಸಾಂಡರ್ ರಚಿಸಿದರೆಂಬುದು ಪರಂಪರೆಯ ನಂಬಿಕೆ. ಅಮೆರಿಕೆಯಲ್ಲಿ ಇದರ ರೂಪಾಂತರವು 'ಲೆದರ್ ಬ್ರಿಚಸ್' ಎಂಬ ಬೇರೆಯ ಹೆಸರಿನಿಂದಲೇ ಬಳಕೆಗೆ ಬಂದಿತು.

ಇಂತಹ ಧಾಟಿಗಳು ಕಂಪನಿ ಆಡಳಿತದ ಮದ್ರಾಸಿಗೂ ಬಂದವು. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನಲ್ಲಿ ಕೇಳಿಬರುತ್ತಿದ್ದ ಪಾಶ್ಚಾತ್ಯ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು (1775–1835) ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಅವರ ಸೋದರ ಬಾಲುಸ್ವಾಮಿ ದೀಕ್ಷಿತರು ಅದೇ ಪರಿಸರದಲ್ಲಿ ಐರೋಪ್ಯ ವಾದಕರೊಬ್ಬರಿಂದ ಪಿಟೀಲು ಕಲಿತರು. ಇಂಗ್ಲಿಷಿನ 'ನೋಟ್' ಎಂಬ ಪದದಿಂದ ಹೆಸರು ಪಡೆದ ಈ ನೋಟ್ಟುಸ್ವರಗಳು ಶಂಕರಾಭರಣದ ಸ್ವರಗಳಲ್ಲಿವೆ. 'ಸಂತತಂ ಪಾಹಿಮಾಂ' ಎಂಬುದು ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯಲ್ಲಿದ್ದರೆ, 'ಜಗದೀಶ ಗುರುಗುಹ' ಎಂಬುದರ ಮೂಲ ಈ ಸ್ಕಾಟಿಷ್ ರೀಲ್ ಎಂದು ಸಂಶೋಧಕರು ಗುರುತಿಸಿದ್ದಾರೆ. ಕುಣಿತದ ಮಟ್ಟು ಹೀಗೆ ದೇವತಾಸ್ತುತಿಯಾಯಿತು.

ಆದರೆ ಈ ಧಾಟಿಗಳು ರಾಗವಿಸ್ತಾರಕ್ಕೆ ಒಳಪಡಲಿಲ್ಲ. ರೀಲ್‌ನ ಸ್ವರಗಳು ಬಿಡಿಬಿಡಿಯಾಗಿ, ತ್ವರಿತವಾಗಿ ಸಾಗುತ್ತವೆ. ಕರ್ನಾಟಕ ಸಂಗೀತದ ರಾಗಭಾವವಾದರೋ ಗಮಕವನ್ನು ಆಶ್ರಯಿಸಿದೆ. ಗಮಕವನ್ನು ಸೇರಿಸಿದರೆ ರೀಲ್‌ನ ಓಟ ಕೆಡುತ್ತದೆ; ಸೇರಿಸದಿದ್ದರೆ ರಾಗದ ಪೂರ್ಣಸ್ವರೂಪ ಮೂಡುವುದಿಲ್ಲ. ಆದುದರಿಂದ ನೋಟ್ಟುಸ್ವರಗಳು ಮುಖ್ಯವಾಗಿ ಬಾಲಪಾಠದಲ್ಲಿ ನೆಲೆಗೊಂಡವು. ಸುಬ್ಬರಾಮ ದೀಕ್ಷಿತರು 1905ರ ತಮ್ಮ 'ಪ್ರಥಮಾಭ್ಯಾಸ ಪುಸ್ತಕ'ದಲ್ಲಿ ಇವುಗಳಿಗೆ ಸ್ಥಾನ ನೀಡಿದುದು ಇದಕ್ಕೆ ಪೂರಕವಾಗಿದೆ.

ವಾದ್ಯದ ಗತಿ ಇದಕ್ಕೆ ತೀರ ಭಿನ್ನ. ವಾದಕನು ನೆಲದ ಮೇಲೆ ಕುಳಿತು, ಪಿಟೀಲಿನ ತುದಿಯನ್ನು ಬಲಪಾದಕ್ಕೆ ಆನಿಸಿ, ತಂತಿಗಳನ್ನು ಷಡ್ಜ–ಪಂಚಮಗಳಿಗೆ ಶ್ರುತಿ ಮಾಡಿಕೊಂಡು ನುಡಿಸತೊಡಗಿದ ಮೇಲೆ, ಎಡಗೈ ನಿರಾತಂಕವಾಗಿ ಜಾರಲು ಅವಕಾಶವಾಯಿತು, ಗಮಕ ಸಾಧ್ಯವಾಯಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು 1927ರಲ್ಲಿ ನಾಲ್ಕು ತಂತಿಗಳಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಧ್ವನಿವರ್ಧಕಗಳು ವಿರಳವಾಗಿದ್ದ ಆ ಕಾಲದ ಸಭೆಗಳಲ್ಲಿ ವಾದ್ಯದ ನಾದಕ್ಕೆ ಇದರಿಂದ ಪುಷ್ಟಿ ದೊರೆಯಿತು.

ಜನಪದ ರಂಗಭೂಮಿಯಲ್ಲಿಯೂ ಇದೇ ಕ್ರಮ ಕಾಣುತ್ತದೆ. ಕೂಡ್ಲಿಗಿ, ಗುಡೇಕೋಟೆಗಳನ್ನೊಳಗೊಂಡ ಬಳ್ಳಾರಿ ಸೀಮೆಯ ಬಯಲಾಟಕ್ಕೆ ಐರೋಪ್ಯ ಮೂಲದ ಹಾರ್ಮೋನಿಯಂ ಮದ್ದಳೆಯ ಜೊತೆಗಾರನಾಗಿ ಬಂದಿತು. ಹಾಡಿನ ಮಟ್ಟುಗಳು ಮಾತ್ರ ದೇಸಿಯಾಗಿಯೇ ಉಳಿದವು.

ಹೀಗೆ ವಾದ್ಯವು ಮನೆಯವನಾಯಿತು, ಧಾಟಿಯು ಅತಿಥಿಯಾಗಿ ಉಳಿಯಿತು. ಅತಿಥಿಯ ಮೂಲನಾಮವೂ ಕ್ರಮೇಣ ಮರೆಯಾಯಿತು: ಸಾಹಿತ್ಯದ ಮೊದಲ ಪದಗಳೇ ಕೃತಿಯ ಹೆಸರಾದಾಗ ರೀಲ್‌ನ ಗುರುತು ಅಳಿಯುತ್ತದೆ. ಹದಿನೆಂಟನೆಯ ಶತಮಾನದ ಸ್ಕಾಟಿಷ್ ಸ್ವರಸಂಗ್ರಹಗಳೊಡನೆ ಹೋಲಿಸಿದಾಗಲೇ ಅದು ಮತ್ತೆ ಬೆಳಕಿಗೆ ಬರುತ್ತದೆ. ಆದಕಾರಣ ನೋಟ್ಟುಸ್ವರಗಳ ಮುದ್ರಣಗಳಲ್ಲಿಯೂ ಗ್ರಂಥಾಲಯಗಳ ಸೂಚಿಗಳಲ್ಲಿಯೂ ಸಾಹಿತ್ಯದ ಹೆಸರಿನೊಡನೆ ಧಾಟಿಯ ಹೆಸರನ್ನೂ ದಾಖಲಿಸುವುದು ಅವಶ್ಯಕ. ಎರಡು ಹೆಸರುಗಳೂ ಜೊತೆಗಿದ್ದಾಗ ಮಾತ್ರ ಆ ಕೃತಿಯ ಚರಿತ್ರೆ ಪೂರ್ಣವಾಗುತ್ತದೆ.